ಹೊಯ್ಗೆ ಹೊತ್ತ ಅಹ್ಮದ್ ಬಾವ

ಕುದ್ರೋಳಿಯ ಅಹ್ಮದ್ ಬಾವ ಒಂದು ಕೊಡೆ ಕೊಳ್ಳಲು ಹೋದರೆ ಅಂಗಡಿಯ ಕೊಡೆಗಳೆಲ್ಲ ಬಿಚ್ಚಿ ನಿಲ್ಲಬೇಕು. ಬಸಳೆ ಮಾರುವವಳು ಅವನ ನೆರಳು ಕಂಡರೆ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದಳು. ಪುಣ್ಯಕ್ಕೆ ಹೆಣ್ಣು ನೋಡುವ ಕೆಲಸವನ್ನು ಹಿರಿಯರು ಅವನ ಕೈಗೆ ಕೊಡಲಿಲ್ಲ. ತಾವೇ ನೋಡಿ ಹವ್ವಮ್ಮನನ್ನು ತಂದರು.

“ಅವರೇ ನೋಡ್ಲಿಕ್ಕೆ ಬಂದಿದ್ದರೆ ನಾನು ಇವತ್ತಿಗೂ ಉಮ್ಮನ ಮನೆಯಲ್ಲಿ ಹಾಯಾಗಿ ಇರ್ತಿದ್ದೆ” ಎಂದು ಹವ್ವಮ್ಮ ಹೇಳುವುದುಂಟು.

ಅವನದು ಹೊರೆಯ ವ್ಯಾಪಾರ. ಸೂಜಿ, ನೂಲು, ಬಾಚಣಿಗೆ, ಸಾಬೂನು, ಅತ್ತರು, ಸುರ್ಮಾ ಎಲ್ಲವನ್ನೂ ಒಂದು ದೊಡ್ಡ ಗಂಟು ಕಟ್ಟಿ, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು, ಕಾರ್ಕಳದ ಆಚೆ ಘಟ್ಟ ಹತ್ತುತ್ತಿದ್ದ. ಬಸ್ಸು ಬಂದು ಎಷ್ಟೋ ಕಾಲವಾಗಿತ್ತು. ಆದರೆ ಬಸ್ಸು ನಿಲ್ಲುವಲ್ಲಿ ಅಂಗಡಿಯೂ ಇರುತ್ತದೆ. ಅಂಗಡಿ ಇಲ್ಲದಲ್ಲಿ ಅಲ್ಲವೇ ಅಹ್ಮದ್ ಬಾವನಿಗೆ ಬೆಲೆ? ಕಾಡಿನ ನಡುವಿನ ಒಂಟಿ ಮನೆಗಳ ಹೆಂಗಸರು ಅವನ ದಾರಿ ಕಾಯುತ್ತಿದ್ದರು. ಕಂಡವರ ಜಗಲಿಯಲ್ಲಿ ಮಲಗಿ, ಸಿಕ್ಕ ಗಂಜಿ ಕುಡಿದು, ವಾರಗಟ್ಟಲೆ ತಿರುಗಿ ಮನೆಗೆ ಬರುವಾಗ ಅವನ ಮುಖ ಹಬ್ಬದ ಚಂದ್ರನ ಹಾಗೆ ಇರುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಘಟ್ಟ ಇಳಿಯುವಾಗ ಕಾಲು ಜಾರಿತು. ತಲೆಯ ಹೊರೆ ಒಂದು ಕಡೆಗೆ ವಾಲಿ ಕುತ್ತಿಗೆಯನ್ನು ತಿರುಚಿತು. ಇನ್ನು ತಲೆಯ ಮೇಲೆ ಭಾರ ಇಟ್ಟರೆ ಆಮೇಲೆ ಕೊಡೆ ಹಿಡಿಯಲಿಕ್ಕೂ ಜನ ಬೇಕಾದೀತು ಎಂದು ಮೂಳೆ ಕಟ್ಟುವ ಪಂಡಿತರು ಹೇಳಿ ಕಳಿಸಿದರು.

ಆಗ ತಲೆ ಹಾಕಿದವನು ಹವ್ವಮ್ಮನ ತಮ್ಮ ಅಬ್ದುಲ್ ರಹ್ಮಾನ್. ಬಂದರಿನಲ್ಲಿ ಅವನಿಗೆ ದೊಡ್ಡ ಮಂಡಿ. ಭಾವ ಇನ್ನು ಘಟ್ಟ ಬಿಡಲಿ, ನನ್ನ ಮಂಡಿಯಲ್ಲಿ ಕೂತು ಮೂಟೆ ಎಣಿಸಲಿ ಎಂದ. ಮಳೆ ಕಳೆದು ಮೊದಲ ಮಂಜಿ ಹಡಗು ಸರಕು ಹೇರಿಕೊಂಡು ಬಂದರಿಗೆ ಬಂದ ಮರುದಿನವೇ ಬಂದು ಕರೆದೊಯ್ಯುತ್ತೇನೆ ಎಂದು ವಾಯಿದೆಯನ್ನೂ ಇಟ್ಟ. ಮಾತೇನೋ ಅಕ್ಕರೆಯದೇ. ಆದರೆ ಹವ್ವಮ್ಮನಿಗೆ ತಮ್ಮನ ಅಕ್ಕರೆಯ ರುಚಿ ಗೊತ್ತು. ಒಂದು ಹಿಡಿ ಕೊಟ್ಟರೆ ಊರಿಡೀ ಹೇಳುವವನು. ಗಂಡ ಅವನ ಆಳಾದರೆ, ತಾನು ಕಣ್ಣುಮುಚ್ಚುವವರೆಗೂ ಪ್ರತಿ ಮದುವೆ ಮನೆಯಲ್ಲಿ ಅದನ್ನೇ ಕೇಳಬೇಕು. ಗಂಡನೋ, ಕೂತಲ್ಲಿ ಕೂರುವ ಜಾತಿಯಲ್ಲ. ಮಂಡಿಯಲ್ಲಿ ಕಟ್ಟಿಹಾಕಿದರೆ ಆರು ತಿಂಗಳಿಗೆ ಬಾಡಿಹೋಗುತ್ತಾನೆ.

“ತಲೆಗೆ ಆಗದಿದ್ದರೆ ಬೆನ್ನಿಗೆ ಹಾಕಿ. ಪಟ್ಟಾಳದ ಸಿಪಾಯಿಗಳು ಹಾಕುದಿಲ್ವಾ?” ಎಂದವಳು ಅವಳೇ. ಆ ಮಾತು ಆಡಿದ ನಾಲಗೆಯನ್ನು ಆ ಮಳೆಗಾಲವಿಡೀ ಶಪಿಸಿದವಳೂ ಅವಳೇ.

ಚೀಲದ ಪರೀಕ್ಷೆ ಶುರುವಾಯಿತು. ಪರೀಕ್ಷೆಗೆ ಭಾರ ಬೇಕಲ್ಲ, ಅಕ್ಕಿ ತುಂಬೋಣವೆಂದರೆ ಅದು ರೇಷನ್ನಿನದು. ಹೊಳೆಬದಿಯಿಂದ ಹೊಯ್ಗೆ, ಅಂದರೆ ಮರಳು, ತಂದು ಅಂಗಳದ ಮೂಲೆಯಲ್ಲಿ ರಾಶಿ ಹಾಕಿದ. ಚೀಲಕ್ಕೆ ಹೊಯ್ಗೆ ತುಂಬುವವಳು ಹವ್ವಮ್ಮ, ಎತ್ತಿ ಬೆನ್ನಿಗೇರಿಸುವವಳು ಹವ್ವಮ್ಮ. ಅವನು ಗಾಣದ ಎತ್ತಿನ ಹಾಗೆ ಬಾವಿಗೆ ಸುತ್ತು ಬರುವುದು, ನಿಂತು ಭುಜ ಅಲ್ಲಾಡಿಸುವುದು, ತಲೆ ಕೊಡವುವುದು. ಮತ್ತೆ ಇಳಿಸಿಕೊಳ್ಳುವವಳೂ ಹವ್ವಮ್ಮನೇ.

ಮೊದಲು ಗೋಣಿಗೆ ಹಗ್ಗ ಹಾಕಿ ನೋಡಿದ. ಹಗ್ಗ ಕಂಕುಳನ್ನು ಕೊಯ್ಯುತ್ತದೆ ಎಂದ. ಬೆಂಗ್ರೆಯ ಮೊಗವೀರರಲ್ಲಿ ಹಾಯಿ ಹೊಲಿಯುವ ದೂಮಪ್ಪನನ್ನು ಕಾಡಿ ಬೇಡಿ ಹಳೆಯ ಹಾಯಿಬಟ್ಟೆಯದೊಂದು ಹೊಲಿಸಿ ತಂದ. ಗಟ್ಟಿ ಏನೋ ಗಟ್ಟಿ, ಮೀನೆಣ್ಣೆ ನಾರುತ್ತಿತ್ತು. ಇದರಲ್ಲಿಟ್ಟ ಅತ್ತರನ್ನು ಬೆಕ್ಕುಗಳಿಗೇ ಮಾರಬೇಕು ಎಂದ. ಬೆತ್ತದ ಬುಟ್ಟಿ ತಂದ. ಬೆನ್ನಿನ ಮೇಲೆ ಕೂತು ಕಿರಕಿರ ಎಂದು ಅತ್ತೆಯ ಹಾಗೆ ಮಾತಾಡುತ್ತದೆ ಎಂದ. ಅಳೆದದ್ದೂ ಸುರಿದದ್ದೂ ಆಯಿತು, ಒಪ್ಪಿದ್ದು ಮಾತ್ರ ಇಲ್ಲ. ಹೊಯ್ಗೆ ಅಂಗಳ ಬಿಟ್ಟು ಜಗಲಿಗೆ, ಜಗಲಿ ಬಿಟ್ಟು ಚಾಪೆಗೆ, ಕೊನೆಗೆ ಗಂಜಿಯ ಬಟ್ಟಲಿಗೂ ಬಂತು.

“ಹಲ್ಲಿಗೆ ಕಲ್ಲು ಸಿಕ್ಕಿತು ಹವ್ವಾ” ಎಂದ ಒಂದು ದಿನ.

“ಅದು ಕಲ್ಲಲ್ಲ. ನೀವು ಬೇಡ ಅಂದ ಚೀಲದ ಶಾಪ” ಎಂದಳು.

ಮಳೆ ಹಿಂದಾಗುವ ಹೊತ್ತಿಗೆ ಪಟ್ಟಾಳದ ಸಾಮಾನಿನ ಏಲಂ ನಡೆಯಿತು. ಅಲ್ಲಿಂದ ಒಂದು ಕ್ಯಾನ್ವಾಸಿನ ಚೀಲ ಬಂತು. ಅಂಗೈಯಗಲದ ಪಟ್ಟಿಗಳು, ಸೊಂಟಕ್ಕೊಂದು ಬಿಗಿ, ಮಳೆಗೆ ಮೇಲೊಂದು ಮುಚ್ಚಳ. ಹೊತ್ತು ಬಾವಿ ಸುತ್ತಿದ. ಕಂಕುಳು ಕೊಯ್ಯಲಿಲ್ಲ, ನಾರಲಿಲ್ಲ, ಮಾತಾಡಲಿಲ್ಲ. ಕುತ್ತಿಗೆ ಹೂವಿನ ಹಾಗೆ ಹಗುರ. ಹವ್ವಮ್ಮ ಉಸಿರು ಬಿಡುವಷ್ಟರಲ್ಲಿ, ಬಾವಿಕಟ್ಟೆ ಸುತ್ತಿದರೆ ಘಟ್ಟ ಹತ್ತಿದ ಹಾಗಲ್ಲ, ಬಿಕರ್ನಕಟ್ಟೆಯ ಏರಿನವರೆಗೆ ಒಮ್ಮೆ ಹೋಗಿ ನೋಡುತ್ತೇನೆ ಎಂದ. ಚೀಲ ತುಂಬ ಹೊಯ್ಗೆ ತುಂಬಿಸಿ, ಬೆನ್ನಿಗೇರಿಸಿ ಕಳಿಸಿದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅವಳು ಅಷ್ಟು ದುವಾ ಮಾಡಿರಲಿಲ್ಲ.

ಸಂಜೆ ಮನೆ ಮುಂದೆ ಎತ್ತಿನ ಗಾಡಿ ನಿಂತಿತು. ಕುಲಶೇಖರದಿಂದ ಬಂದರಿಗೆ ಹೆಂಚು ಹೇರುವ ಲಿಗೋರಿಯ ಗಾಡಿ. ಹೆಂಚಿನ ನಡುವೆ ಅಹ್ಮದ್ ಬಾವ, ಅವನ ಬೆನ್ನಿಗೆ ಚೀಲ.

“ಹವ್ವಮ್ಮ, ನಿಮ್ಮ ಸಾಮಾನು ತಂದಿದ್ದೇನೆ. ಇಳಿಸ್ಕೊಳ್ಳಿ” ಎಂದ ಲಿಗೋರಿ.

ಆದದ್ದು ಇಷ್ಟು. ಏರು ಹತ್ತಿ ದಣಿದವನು, ದಾರಿಬದಿಯ ಹೊರೆ ಇಳಿಸುವ ಕಲ್ಲಿನ ಹತ್ತಿರ ಹೋಗಿದ್ದಾನೆ. ಆಳೆತ್ತರಕ್ಕೆ ಎರಡು ಕಲ್ಲು ನೆಟ್ಟು ಅಡ್ಡಕ್ಕೊಂದು ಹಾಸಿದ್ದು ಅದು. ತಲೆಹೊರೆಯವನು ಯಾರ ಕೈಯೂ ಬೇಡದೆ ಗಂಟನ್ನು ಅದರ ಮೇಲೆ ಜಾರಿಸಿ ಸುಧಾರಿಸಿಕೊಳ್ಳಬಹುದು. ಬೆನ್ನಿನ ಚೀಲ ಅಷ್ಟೆತ್ತರಕ್ಕೆ ಏರುತ್ತದೆಯೇ? ಘಟ್ಟದ ದಾರಿಯುದ್ದಕ್ಕೂ ಇರುವುದು ಇಂಥ ಕಲ್ಲುಗಳೇ. ತಲೆಹೊರೆಯ ಕಾಲದಲ್ಲಿ ಅವನ್ನೇ ನಂಬಿ ನಡೆದವನಿಗೆ, ಬೆನ್ನಿಗೆ ಬೇರೆ ಕಲ್ಲು ಬೇಕಾದೀತು ಎಂದು ಹೊಳೆದಿರಲಿಲ್ಲ. ಮನೆಯಲ್ಲಿ ಇಳಿಸಿಕೊಳ್ಳಲು ಹೆಂಡತಿ ಇದ್ದಳಲ್ಲ. ಬೇರೆ ದಾರಿ ಕಾಣದೆ ನೆಲದಲ್ಲಿ ಕೂತಿದ್ದಾನೆ. ಕೂತವನಿಗೆ ಏಳಲು ಬರಲಿಲ್ಲ; ಪಟ್ಟಿ ಬಿಚ್ಚಿ ಎದ್ದರೆ ಮತ್ತೆ ಬೆನ್ನಿಗೇರಿಸುವವರು ಯಾರು? ಅಂಗಾತ ಬಿದ್ದ ಆಮೆಯ ಹಾಗೆ ಕೈಕಾಲು ಆಡಿಸುತ್ತಿದ್ದವನನ್ನು ಲಿಗೋರಿ ಎತ್ತಿ ಗಾಡಿಗೆ ಹಾಕಿದ್ದ.

“ಹೊಯ್ಗೆಯನ್ನು ಅಲ್ಲೇ ಸುರಿದು ಏಳ್ಬಹುದಿತ್ತಲ್ಲ?” ಎಂದಳು ಹವ್ವಮ್ಮ.

“ಮೊದಲ ದಿನ ಹೊಯ್ಗೆ ಸುರಿದವ ನಾಳೆ ಸಾಬೂನು ಸುರಿದಾನು” ಎಂದ ಅಹ್ಮದ್ ಬಾವ. ಆಮೇಲೆ ದನಿ ತಗ್ಗಿಸಿ, “ಅದ್ದುವಿಗೆ ಹೇಳಿ ಬಿಡು. ಮಂಡಿಗೆ ಬರ್ತೇನೆ ಅಂತ” ಎಂದ. ಅದ್ದು ಎಂದರೆ ಮನೆಯವರ ಬಾಯಲ್ಲಿ ಅಬ್ದುಲ್ ರಹ್ಮಾನನೇ.

“ನಾಳೆಯೇ ಬರ್ತಾರೆ ನೋಡಿ. ಮಂಜಿ ಬಂದಾಯ್ತು, ಹೆಂಚು ಅದಕ್ಕೇ” ಎಂದು ಲಿಗೋರಿ ಗಾಯಕ್ಕೆ ಉಪ್ಪು ಹಾಕಿದ.

ಎತ್ತುಗಳಿಗೆ ನೀರು ಕುಡಿಸಬೇಕಿತ್ತು. ಅವನು ಗಾಡಿಯ ಮೂಕಿಯ ಕೆಳಗೆ ಊರುಗೋಲು ಕೊಟ್ಟು ಎತ್ತುಗಳನ್ನು ಬಿಚ್ಚಿದ. ಗಾಡಿ ಹೆಂಚಿನ ಭಾರವನ್ನೆಲ್ಲ ಹೊತ್ತು, ಮುಗ್ಗರಿಸದೆ, ಒಂದು ಕೋಲಿನ ಮೇಲೆ ತಣ್ಣಗೆ ನಿಂತಿತು. ಹವ್ವಮ್ಮ ಅದನ್ನು ನೋಡಿದಳು. ಗಂಡನನ್ನು ನೋಡಿದಳು.

“ಯಾ ಅಲ್ಲಾ, ಗಾಡಿಗೆ ಇರುವ ಬುದ್ಧಿ ನಮಗಿಬ್ಬರಿಗೂ ಇಲ್ಲವಲ್ಲ.”

ದಡಬಡ ಅಂಗಳಕ್ಕೆ ನಡೆದು, ಬಟ್ಟೆ ಒಣಗುವ ಹಗ್ಗಕ್ಕೆ ಆಸರೆ ಕೊಟ್ಟಿದ್ದ ಕವೆಗೋಲನ್ನು ಕಿತ್ತಳು. ಒಗೆದ ಬಟ್ಟೆಗಳೆಲ್ಲ ಹೊಯ್ಗೆಗೆ ಬಿದ್ದವು. ಬೀಳಲಿ. ಕತ್ತಿ ತಂದು ಬುಡವನ್ನು ಗಂಡನ ಸೊಂಟದ ಮಟ್ಟಕ್ಕೆ ಕಡಿದಳು. ಅವನನ್ನು ಚೀಲ ಸಮೇತ ಗಾಡಿಯಿಂದ ಇಳಿಸಿ ನೆಟ್ಟಗೆ ನಿಲ್ಲಿಸಿ, ಚೀಲದ ತಳಕ್ಕೆ ಕವೆ ಕೊಟ್ಟು ಕೋಲನ್ನು ನೆಲಕ್ಕೆ ಊರಿದಳು. ಭಾರ ಕೋಲಿಗಿಳಿಯಿತು. ಅಹ್ಮದ್ ಬಾವನ ಭುಜ ತಾನಾಗಿ ಕೆಳಗೆ ಬಂತು. ನಡೆಯುವಾಗ ಕೈಗೆ, ನಿಲ್ಲುವಾಗ ಬೆನ್ನಿಗೆ; ಕಲ್ಲೂ ಬೇಡ, ಕೂರುವುದೂ ಬೇಡ. ಅವನು ಕಣ್ಣುಮುಚ್ಚಿ ಹಾಗೆಯೇ ತುಸು ಹೊತ್ತು ನಿಂತ. ಆಮೇಲೆ ಹೇಳಿದ:

“ಒಂದು ಬೆರಳು ಗಿಡ್ಡ ಆಯ್ತಾ ಅಂತ.”

“ನಾಳೆ ಬೆಳಿಗ್ಗೆ ನೀವು ಈ ಮನೆಯಲ್ಲಿ ಕಂಡರೆ, ಕೋಲು ಉದ್ದವೋ ಗಿಡ್ಡವೋ ಅಂತ ನಿಮ್ಮ ಬೆನ್ನಿಗೇ ಗೊತ್ತಾಗ್ತದೆ.”

ಬೆಳಿಗ್ಗೆ ಅಬ್ದುಲ್ ರಹ್ಮಾನ್ ಅತ್ತರು ಪೂಸಿಕೊಂಡು ಭಾವನನ್ನು ಕರೆಯಲು ಬಂದ. ಅವರು ಸುಬಹಿ ನಮಾಜು ಮುಗಿಸಿ ಘಟ್ಟಕ್ಕೆ ಹೋದರು ಎಂದಳು ಹವ್ವಮ್ಮ. ಕುತ್ತಿಗೆಯ ಗತಿ ಏನು ಎಂದು ಅವನು ಕೇಳಿದ. ಕುತ್ತಿಗೆಯನ್ನೂ ತೆಗೆದುಕೊಂಡೇ ಹೋಗಿದ್ದಾರೆ ಎಂದು ಚಾಯ ಕೊಟ್ಟಳು.

ಅಹ್ಮದ್ ಬಾವ ಬಂದದ್ದು ಬರಬೇಕಾದುದಕ್ಕಿಂತ ಎಷ್ಟೋ ತಡವಾಗಿ. ಅಷ್ಟು ದಿನವೂ ಹವ್ವಮ್ಮನ ಬಟ್ಟೆಯ ಹಗ್ಗ ನೆಲಕ್ಕೆ ಜೋತಾಡುತ್ತಿತ್ತು. ಸರಕೆಲ್ಲ ಖಾಲಿ, ಮುಖ ಹಬ್ಬದ ಚಂದ್ರ. ಭುಜದ ಮೇಲೆ ಒಂದು ಹೊಸ ಕವೆಗೋಲು, ಸಿಪ್ಪೆ ಸುಲಿದು ನುಣ್ಣಗೆ ಮಾಡಿದ್ದು. ನಿನ್ನ ಹಗ್ಗಕ್ಕೆ ಅಂತ ತಂದೆ, ಕಾಡಿನಲ್ಲಿ ಅಷ್ಟು ಮರ ಉಂಟು, ಮನಸ್ಸಿಗೆ ಹಿಡಿಸುವ ಕವೆ ಒಂದೂ ಸಿಗದೆ ಅದಕ್ಕೇ ದಿನ ಹಿಡಿಯಿತು ಎಂದ.

ಹವ್ವಮ್ಮ ಕೋಲನ್ನು ಹಗ್ಗಕ್ಕೆ ಕೊಟ್ಟು ನೋಡಿದಳು. ಒಂದು ಗೇಣು ಗಿಡ್ಡ. ಬದಲು ತರಲು ಕಳಿಸಿದರೆ ಮುಂದಿನ ಮಳೆಗಾಲವೇ ಬಂದೀತು. ಬಾವಿಕಟ್ಟೆಯ ಬದಿಯಿಂದ ಒಂದು ಕಲ್ಲು ಉರುಳಿಸಿ ತಂದು, ಕೋಲಿನ ಬುಡಕ್ಕೆ ಕೊಟ್ಟು, ಬಟ್ಟೆ ಹರವಿದಳು.