ನಾನು ತಿದ್ದಿದ ಮುಖ

ನಾನು ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ನನ್ನ ತಾಯಿ ಇಂಡಿ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರನ್ನು ನೋಡಿಕೊಂಡ ಕ್ರೈಸ್ತ ನರ್ಸ್ ಒಬ್ಬರು, ನಿವೃತ್ತರಾದ ಮೇಲೆ ನನ್ನನ್ನು ಹುಡುಕಿಕೊಂಡು ಬಂದರು. ಬೈಬಲ್ಲಿನೊಳಗಿಂದ ಒಂದು ಹಾಳೆ ತೆಗೆದರು. ಅದರಲ್ಲಿ ಅಚ್ಚಾಗಿದ್ದ ಕ್ರಿಸ್ತನ ಮುಖ. ಮೂಲ ಚಿತ್ರ ಯಾವುದೋ ಕಾಲದಲ್ಲಿ ಮೇಣದಲ್ಲಿ ಬಣ್ಣ ಕಲಸಿ ಹಲಗೆಯ ಮೇಲೆ ಬರೆದದ್ದು, ಮರುಭೂಮಿಯ ಮಠವೊಂದರಲ್ಲಿ ಉಳಿದುಬಂದದ್ದು.

"ನಮ್ಮ ಪ್ರಾರ್ಥನಾ ಖೋಲಿಗೆ ಇದನ್ನ ದೊಡ್ಡದ ಮಾಡಿ ಬರದ ಕೊಡ್ರಿ ಸರ್. ಹೆಂಗೈತಿ ಹಂಗ ಇರ್ಲಿ."

ಮನೆಯಲ್ಲಿ ಹಾಳೆಯನ್ನು ನೋಡಿ ನಕ್ಕೆ. ಎರಡು ಕಣ್ಣು ಒಂದರಂತೆ ಒಂದಿಲ್ಲ. ಒಂದು ಹುಬ್ಬು ಮೇಲೆದ್ದಿದೆ, ಆ ಬದಿಯ ಕೆನ್ನೆ ಇಳಿದಿದೆ. ಶಾಂತವಾಗಿದ್ದ ಬದಿಯನ್ನು ಟ್ರೇಸಿಂಗ್ ಕಾಗದದಲ್ಲಿ ಎತ್ತಿ, ಮಗುಚಿ, ಇನ್ನೊಂದು ಬದಿಗೂ ಅದನ್ನೇ ಇಳಿಸಿದೆ. ಕಪ್ಪು ಕಣ್ಣನ್ನು ಕ್ಯಾಲೆಂಡರಿನಲ್ಲಿರುವಂತೆ ನೀಲಿ ಮಾಡಿದೆ.

ಭಾನುವಾರ ಇಂಡಿಯ ಪ್ರಾರ್ಥನಾ ಕೋಣೆಯಲ್ಲಿ ನನ್ನ ಚಿತ್ರದ ಮುಂದೆ ಇಪ್ಪತ್ತು ಜನ ಜಮಖಾನೆಯ ಮೇಲೆ ಕೂತಿದ್ದರು. "ಹಳೇದ್ರಾಗ ಮಾರಿ ಬ್ಯಾರೆ ಐತೆಲ್ರಿ?" ಎಂದು ಒಬ್ಬರು ನರ್ಸ್ ಕೈಯಲ್ಲಿದ್ದ ಹಾಳೆ ನೋಡಿ ಕೇಳಿದರು.

"ಆಗಿನವ್ರಿಗೆ ಕೈ ಕೂತಿರ್ಲಿಲ್ರಿ. ನಾ ತಿದ್ದೇನಿ," ಎಂದೆ. ನಾಲ್ಕು ಜನ ನಕ್ಕರು. ನರ್ಸ್ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಚಹಾ ಕೊಟ್ಟು, ಹಾಳೆಯ ಅರ್ಧ ಮುಖವನ್ನು ಅಂಗೈಯಿಂದ ಮುಚ್ಚಿದರು. "ನೋಡ್ರಿ ಸರ್." ಕಂಡ ಕಣ್ಣು ಸಮಾಧಾನದಿಂದ ನಮ್ಮ ಮಾತು ಕೇಳುವಂತಿತ್ತು. ಅಂಗೈಯನ್ನು ಇನ್ನರ್ಧದ ಮೇಲೆ ಸರಿಸಿದರು. ಈಗ ಕಂಡ ಕಣ್ಣು ನನ್ನನ್ನೇ ಏನೋ ಕೇಳುತ್ತಿತ್ತು.

"ಒಂದು ಕರುಣಾ, ಒಂದು ನ್ಯಾಯ ಅಂತ ನಮ್ಮ ಪಾದ್ರಿಗಳು ಹೇಳ್ತಿದ್ರು. ಚಿತ್ರಾ ಬರದಾವ ಬೇಕಂತನ ಎರಡೂ ಬರದಾನ. ನೀವು ಒಂದನ್ನ ಅಳಿಸೀರಿ."

ಆಗಲೂ ತಪ್ಪು ಒಪ್ಪಿಕೊಳ್ಳಲಿಲ್ಲ. "ಹಾಳಿ ಮಾಸಿತ್ರಿ, ಸರಿಯಾಗಿ ಕಾಣ್ಲಿಲ್ಲ," ಎಂದೆ. ಹಾಳೆ ಮಾಸಿರಲಿಲ್ಲ. ಅದು ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಸ್ಪಷ್ಟವಾಗಿಯೇ ಇತ್ತು. ಅವರು ಅದನ್ನು ಬೈಬಲ್ಲಿನೊಳಗೆ ಇಟ್ಟರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನ್ನ ತಾಯಿಯ ಮೈ ಒರೆಸಿದ ಕೈಗಳವು.

ಎರಡು ವಾರ ಬಿಟ್ಟು ಹೋಗಿ ಹಾಳೆಯನ್ನು ಕೇಳಿ ತಂದೆ. ದೀಪಾವಳಿ ರಜೆಯಿಡೀ ಬರೆದೆ. ನ್ಯಾಯದ ಕಣ್ಣು ಸುಲಭಕ್ಕೆ ಬರಲಿಲ್ಲ. ಮೂರು ಸಲ ಕೆರೆದು ತೆಗೆದೆ. ಮತ್ತೊಂದು ಭಾನುವಾರ ಅದೇ ಜನರ ಮುಂದೆ ನಿಂತು, "ಆಗಿನವ್ರ ಕೈ ತಪ್ಪಿರ್ಲಿಲ್ರಿ. ನನಗ ನೋಡಾಕ ಬರ್ಲಿಲ್ಲ. ಹಾಳಿ ಮಾಸಿತ್ತು ಅಂತ ಈ ನರ್ಸ್ ಅಕ್ಕಾರ ಮುಂದ ಸುಳ್ಳೂ ಹೇಳೀನಿ," ಎಂದೆ. ನರ್ಸ್ ಸ್ಟೂಲು ಹತ್ತಿ ಹೊಸ ಚಿತ್ರವನ್ನು ತಾವೇ ಗೋಡೆಗೆ ಹಾಕಿದರು.

ಹೊರಗೆ ಚಪ್ಪಲಿ ಮೆಟ್ಟುವಾಗ ಮುದುಕರೊಬ್ಬರು ಹತ್ತಿರ ಬಂದು, "ಖರೇ ಹೇಳ್ಲಾ ಮಾಸ್ತರ್ರ, ನೀವು ಮದಲ ಬರದದ್ದನ ಚಂದ ಇತ್ತು," ಎಂದರು.

ಆ ಮಾತಿಗೆ ನನ್ನ ಮನಸ್ಸು ಒಂದು ಕ್ಷಣ ಹಿಗ್ಗಿತು. ಸುಳ್ಳು ಹೇಳಿದ್ದಕ್ಕಿಂತ ಆ ಹಿಗ್ಗಿಗೇ ನನಗೆ ಇಂದಿಗೂ ಹೆಚ್ಚು ನಾಚಿಕೆ.