ಏಳರಿಂದ ಭಾಗಿಸಿದ ಹತ್ತು ಲಕ್ಷ

ಆಗೆಲ್ಲ ಬೇಸಿಗೆ ರಜೆ ಎಂದರೆ ಯಶವಂತನಗರದ ಕೆಂಪು ಧೂಳು ಬಿಟ್ಟು ಹಂಪಿಯ ಮಾವನ ಮನೆ ಸೇರುವುದು. ಬಾಳೆತೋಟದ ತಂಪು, ಸಂಜೆಗೆ ಅತ್ತಿ ಮಾಡುವ ಒಗ್ಗರಣಿ ಮಂಡಕ್ಕಿ, ಬಿಸಿ ಮಿರ್ಚಿ. ಆದರೆ ಅಲ್ಲಿ ಜಳಕಕ್ಕೂ ಊಟಕ್ಕೂ ಹೊತ್ತು ಗೊತ್ತಿತ್ತು. ಹಿಡಿದ ಕೆಲಸ ಮುಗಿಸದೆ ಏಳುವಂತಿರಲಿಲ್ಲ.

ಆ ವರ್ಷ ಊರಲ್ಲಿ ಅವ್ವನ ಹೆರಿಗೆ ಹತ್ತಿರವಿತ್ತು. ಅವಳನ್ನು ನೋಡಲೇಬೇಕೆಂದು ನಾನು ಹಟ ಹಿಡಿದೆ.

"ಹೋಗುವಂತಿ ಬಿಡು," ಎಂದರು ಮಾವ. "ಹತ್ತು ಲಕ್ಷನ ಏಳರಿಂದ ಭಾಗಿಸು. ಶೇಷ ಸೊನ್ನಿ ಬಂದ ದಿನ ನಾನೇ ಬಸ್ ಹತ್ತಸ್ತೀನಿ."

"ಉಳದ್ರ?"

"ಚುಕ್ಕಿ ಇಟ್ಟು ಸೊನ್ನಿ ಇಳಿಸ್ಕೊಂತ ಹೋಗು. ಇಷ್ಟೂ ಬರಂಗಿಲ್ಲೇನ್ಲೇ ನಿನಗ?"

ಮನೆಯ ಹಿಂದಿನ ಕಲ್ಲುಮಂಟಪದಲ್ಲಿ ಸೀಮೆಸುಣ್ಣ ಹಿಡಿದು ಕೂತೆ. ಬಂದದ್ದು 142857, ಉಳಿದದ್ದು ಒಂದು. ಒಂದೇ ತಾನೆ! ಸೊನ್ನೆ ಇಳಿಸಿಕೊಂಡೆ. ಮತ್ತೆ ಒಂದು, ನಾಲ್ಕು, ಎರಡು, ಎಂಟು, ಐದು, ಏಳು. ಮತ್ತೆ ಅದೇ ಒಂದು ಉಳಿಯಿತು. ಒಂದು ಹಾಸುಗಲ್ಲು ತುಂಬಿ ಇನ್ನೊಂದಕ್ಕೆ ಸರಿದೆ. ಬಾವಲಿ ವಾಸನೆ. ಅಂಕಿಗಳನ್ನು ಜೋರಾಗಿ ಓದಿಕೊಂಡರೆ, ನಾನು 'ಏಳು' ಅನ್ನುವಾಗ ಮಂಟಪದ ಒಳಗಿನಿಂದ ಹಿಂದಿನ 'ಐದು' ಮರುದನಿಸುತ್ತಿತ್ತು.

ಆ ಸಂಖ್ಯೆಯಿಂದ ತಪ್ಪಿಸಿಕೊಳ್ಳಲು ಎರಡರಿಂದ ಗುಣಿಸಿದೆ: 285714. ಮೂರರಿಂದ: 428571. ಅವೇ ಆರು ಮುಖಗಳು, ಬೇರೆ ಬಾಗಿಲಿಂದ ಬಂದಿದ್ದವು. ಏಳರಿಂದ ಗುಣಿಸಿದರೆ ಬರೀ ಒಂಬತ್ತುಗಳು, ಹತ್ತು ಲಕ್ಷಕ್ಕೆ ಒಂದು ಕಡಿಮೆ. ನಾನು ಬರೆಯುವುದನ್ನು ನಿಲ್ಲಿಸಿದರೂ ಅವು ಮುಂದಿನ ಕತ್ತಲೆಯಲ್ಲಿ ತಾವೇ ಬರೆದುಕೊಂಡು ಹೋಗುತ್ತಿವೆ ಅನ್ನಿಸಿತು. ಓಡಿದೆ.

"ಮಾವ, ಅದು ಮುಗಿಯಂಗಿಲ್ಲ! ನಾ ಅವ್ವನ್ನ ನೋಡಂಗೇ ಇಲ್ಲ!"

"ಏನ್ರಿ ನಿಮ್ಮ ಚಾಷ್ಟಿ," ಅತ್ತಿ ರೇಗಿದಳು. "ಹುಡುಗಿ ಹೆಂಗ ನಡಗಾಕತ್ತೈತಿ ನೋಡ್ರಿ."

ಮಾವ ನಕ್ಕರು. "ಎಲ್ಲೋ ತಪ್ಪಿರ್ತಾಳ. ಬಾ, ತೋರಸು."

ಮೊದಲ ಕಲ್ಲಿನಿಂದ ಕೊನೆಯ ಕಲ್ಲಿನವರೆಗೆ ಬಗ್ಗಿ ಓದಿದರು. ನಗು ನಿಂತಿತು. ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಅಲ್ಲೇ ಕೂತರು. "ನಿಂದ್ರಬೇಕಲ್ಲ ಇದು," ಅಂದರು. ನನಗಲ್ಲ.

ಮರುದಿನ ಬೆಳಿಗ್ಗೆ ಅತ್ತಿಯೇ ನನ್ನನ್ನು ಬಸ್ಸಿಗೆ ಕರೆದೊಯ್ದಳು. ಹಾದಿಯಲ್ಲಿ ಕಂಡೆವು: ಅಂಕಿಗಳ ಸಾಲು ಮಂಟಪ ದಾಟಿ ಹೊರಗಿನ ಬಂಡೆಗೆ ಬಂದಿತ್ತು. ಸೀಮೆಸುಣ್ಣ ತೀರಿತ್ತು. ಮಾವ ಬರಿ ಬೆರಳಿನಿಂದ ಬರೆಯುತ್ತಿದ್ದರು.

"ಏಳ್ರಿ, ಜಳಕದ ಹೊತ್ತು ಮೀರೈತಿ," ಅತ್ತಿ ಕೂಗಿದಳು.

"ಏಳು," ಎಂದು ಬರೆದುಕೊಂಡರು ಮಾವ. ತಲೆ ಎತ್ತಲಿಲ್ಲ.

ನಾನು ಊರು ಮುಟ್ಟುವಷ್ಟರಲ್ಲಿ ತಮ್ಮ ಹುಟ್ಟಿದ್ದ, ಅವ್ವ ನಗುತ್ತಿದ್ದಳು. ಹಂಪಿಯಲ್ಲಿ ಸಂಜೆ ಮಳೆ ಸುರಿದ ಮೇಲೇ ಮಾವ ಎದ್ದರಂತೆ. ಆಮೇಲೆ ಅವರಿಗೆ ಊಟದ ಹೊತ್ತೂ ನೆನಪಿರುತ್ತಿರಲಿಲ್ಲ.

ಈಗ ಮೊಮ್ಮಗಳು ಇಂಥ ಲೆಕ್ಕ ಬಂದರೆ ಮೂರು ಚುಕ್ಕಿ ಇಟ್ಟು ಆಟಕ್ಕೆ ಓಡುತ್ತಾಳೆ. ನಾನು ಇಂದಿಗೂ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುವವಳೇ. ಆದರೆ ಕ್ರಮ ತಪ್ಪದೆ ಮಾಡಿದರೆ ಎಲ್ಲವೂ ಮುಗಿಯುತ್ತದೆ ಎಂದು ಆ ಬೇಸಿಗೆಯವರೆಗೆ ನಂಬಿದ್ದೆನಲ್ಲ, ಆ ನೆಮ್ಮದಿ ಮತ್ತೆ ಬರಲಿಲ್ಲ.