ದೂಜಣ್ಣ ಕೊಟ್ಟ ನಂಬರ್

ವಿಲೆ ಪಾರ್ಲೆ ಸ್ಟೇಷನ್ನಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಮ್ಯಾನೇಜರಾಗಿರುವ ದೂಜಣ್ಣನಿಗೆ ಈಜು ಬರುವುದಿಲ್ಲ. ಸುವರ್ಣಾ ನದಿಯ ದಂಡೆಯಲ್ಲಿ ಹುಟ್ಟಿದವನೆಂದು ಹೇಳಿಕೊಳ್ಳಲೂ ಅವನಿಗೆ ನಾಚಿಕೆ. ಆದರೂ ಹೋಟೆಲಿನವರ ವರ್ಷದ ಪ್ರವಾಸ ಈ ಸಲ ಶಿರ್ಡಿಗಲ್ಲ, ಕೋಲಾಡಿನ ಘಟ್ಟದ ಹೊಳೆಗೆ, ರಬ್ಬರ್ ದೋಣಿಯ ರಾಫ್ಟಿಂಗಿಗೆ ಎಂದು ಧಣಿಯ ಹತ್ತಿರ ಹಟ ಹಿಡಿದವನು ಅವನೇ. ಐವತ್ತಾರರ ಗಂಡಸಿಗೆ ಇದೆಂಥ ಹುಚ್ಚೋ! ಸಾಯುವುದರೊಳಗೆ ಒಮ್ಮೆ ಆ ನೊರೆನೀರಿನ ಮೇಲೆ ಹೋಗಬೇಕೆಂಬ ಆಸೆ, ಅಷ್ಟೆ.

ರಾಫ್ಟಿಂಗಿನವರು ತಲೆಗೊಂದು ಫಾರಂ ಕಳಿಸಿದ್ದರು. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬುದು ಅದರ ಕೊನೆಯ ಪ್ರಶ್ನೆ. ಮಧ್ಯಾಹ್ನದ ಬಿಡುವಿನಲ್ಲಿ ಏಳು ಕೆಲಸಗಾರರು ತುಂಬಿ ತಂದುಕೊಟ್ಟರು. ದೂಜಣ್ಣ ನೋಡುತ್ತಾನೆ, ಏಳರಲ್ಲೂ ಅವನದೇ ನಂಬರ್!

"ಎಂತದು ಇದು, ಐತಾ? ಊರಲ್ಲಿ ನಿನ್ನ ಹೆಂಡತಿ ಇಲ್ವಾ?" ಎಂದು ದೋಸೆ ಹೊಯ್ಯುವ ಐತನನ್ನು ಗದರಿದ.

"ಅವಳಿಗೆ ಫೋನ್ ಹೋದ್ರೆ ಎದೆ ಒಡೆದು ಸಾಯ್ತಾಳೆ ದೂಜಣ್ಣ. ಜ್ವರ ಬಂದ್ರೂ ಆಸ್ಪತ್ರೆಯಲ್ಲಿ ನಿಮ್ಮ ನಂಬರೇ ಕೊಡುದಲ್ವಾ ನಾವು?"

ಮಾತು ಸುಳ್ಳಲ್ಲ. ಹೋಟೆಲಿನ ಮಾಳಿಗೆಯಲ್ಲೇ ಮಲಗುವವರಿಗೆ ಈ ಊರಿನಲ್ಲಿ ಇನ್ಯಾರಿದ್ದಾರೆ? ದೂಜಣ್ಣ ಏಳೂ ಫಾರಂಗಳನ್ನು ಮತ್ತೊಮ್ಮೆ ತಿರುವಿ ಹಾಕಿದ. ತಾನೂ ಅದೇ ದೋಣಿಯಲ್ಲಿ ಕೂತು, ಅದು ಮಗುಚಿದರೆ ಫೋನ್ ಎತ್ತುವವರು ಯಾರು?

ತನ್ನ ಫಾರಂ ಅವನು ಹಿಂದಿನ ದಿನವೇ ಕಳಿಸಿದ್ದ. ಹೆಂಡತಿ ಸೇವಂತಿ ತೀರಿಕೊಂಡು ಆರು ವರ್ಷ. ಉಳಿದವಳು ಒಬ್ಬಳೇ ಮಗಳು ಶ್ರಾವ್ಯಾ, ಲೋಕಲ್ ಟ್ರೇನ್ ಹತ್ತಿದರೆ ಎರಡನೇ ಸ್ಟೇಷನ್ ಜೋಗೇಶ್ವರಿಯಲ್ಲಿ. ಜಾತಿ ಬಿಟ್ಟು ಮದುವೆಯಾದಳೆಂದು ನಾಲ್ಕು ವರ್ಷದಿಂದ ಅವಳ ಮುಖ ನೋಡಿರಲಿಲ್ಲ. ಆದರೂ ಕೈ ಅವಳ ನಂಬರನ್ನೇ ಬರೆದಿತ್ತು. ಕೊಟ್ಟ ನಂಬರಿಗೆಲ್ಲ ರಾಫ್ಟಿಂಗಿನವರು ಮೊದಲೇ ಫೋನ್ ಮಾಡಿ ಖಾತ್ರಿಪಡಿಸಿಕೊಳ್ಳುತ್ತಾರೆಂದು ಅವನಿಗೇನು ಗೊತ್ತು?

ಸಂಜೆ ಚಹಾದ ಗಿರಾಕಿಗಳು ತುಂಬಿದ್ದಾಗ ಅವನ ಫೋನ್ ಹೊಡೆದುಕೊಂಡಿತು.

"ಪಪ್ಪಾ, ಕ್ಯಾ ಹುವಾ? ಯಾರೋ ರಾಫ್ಟಿಂಗ್‌ವಾಲಾ ಫೋನ್ ಮಾಡಿದ. ನಿಮಗೆ ಸ್ವಿಮಿಂಗ್ ಬರುದಿಲ್ಲ ನಾ?" ಶ್ರಾವ್ಯಾ ಉತ್ತರಕ್ಕೂ ಕಾಯಲಿಲ್ಲ. "ನಾಲ್ಕು ವರ್ಷ ಒಂದು ಫೋನ್ ಇಲ್ಲ. ಸಾಯುದಾದ್ರೆ ಮಾತ್ರ ನನ್ನ ನಂಬರಾ?"

ದೂಜಣ್ಣನಿಗೆ ಗಿರಾಕಿಗಳೆದುರೇ ಅಳು ಬಂತು. ಮಗಳು ಕೇಳಿದ್ದು ಸರಿಯಾಗಿಯೇ ಇತ್ತು.

"ನಾನು ದೋಣಿ ಹತ್ತುದಿಲ್ಲ ಮಗಾ. ಏಳು ಜನ ನನ್ನ ನಂಬರ್ ಕೊಟ್ಟಿದ್ದಾರೆ, ದಡದಲ್ಲೇ ಇರ್ತೇನೆ. ನಿನ್ನದು ಈಗಲೇ ತೆಗೆಸ್ತೇನೆ."

ರಾಫ್ಟಿಂಗಿನವರ ನಂಬರಿಗಾಗಿ ಅವನು ಮೇಜಿನ ಮೇಲೆ ತಡಕಾಡಿದ.

"ತೆಗೀಬೇಡಿ" ಎಂದಳು ಶ್ರಾವ್ಯಾ. ಆಮೇಲೆ ಫೋನ್ ಇಟ್ಟಳು.